ಏಳನೆಯ ಹೇಳಿಕೆ

ಮಂಡ್ಯದ ಡಯಟ್ಟಿನ ಮೇಲಂತಸ್ತು.
ಮಧ್ಯಾಹ್ನದ ಪುಳಿಯೋಗರೆ ಕಣ್ಣಿಗೆ ಇಳಿಯುತ್ತಿದ್ದ ಹೊತ್ತು
ಕೈಗೊಂದು ನಮೂನೆ ಕೊಟ್ಟರು:
‘ವಿಜ್ಞಾನ ಬೋಧನೆಯ ಬಗ್ಗೆ ಶಿಕ್ಷಕರ ಮನೋಭಾವ.’
ಇಪ್ಪತ್ತೆರಡು ಹೇಳಿಕೆ, ಒಂದೊಂದಕ್ಕೂ ಐದು ಚೌಕ,
ಪೂರ್ಣ ಒಪ್ಪುತ್ತೇನೆ ಎಂಬಲ್ಲಿಂದ
ಸ್ವಲ್ಪವೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ.
ಹೆಸರು ಬರೆಯಬೇಡಿ ಅಂದರು,
ಶಾಲೆಯ ಡೈಸ್ ಕೋಡು ಮಾತ್ರ ಸಾಕಂತೆ.

ಆರರವರೆಗೆ ಸರಾಗ.
ಪಕ್ಕದ ನಸೀಮ ಮೇಡಂ ಗೀಟಿದಲ್ಲೇ ನಾನೂ ಗೀಟಿದೆ,
ಕಾಪಿ ಹೊಡೆಯುವ ಮಕ್ಕಳ ಕಿವಿ ಹಿಂಡುವ ಇದೇ ಕೈಯಲ್ಲಿ.

ಏಳು:
‘ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಗು ಕೇಳಿದಾಗ
ನನಗೆ ಮುಜುಗರವಾಗುತ್ತದೆ.’

ಪೆನ್ನು ನಿಂತಿತು.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಬಂದ ಮೂವತ್ತಾರನ್ನು
ಇಷ್ಟು ವರ್ಷ ಸೆರಗಿನ ಗಂಟಲ್ಲಿ ಬಚ್ಚಿಟ್ಟವಳು ನಾನು.
ಕನ್ನಡ ಪಾಠಕ್ಕೆ ನನ್ನ ದನಿ ರಸ್ತೆಯ ಅರಳಿಕಟ್ಟೆಗೂ ಕೇಳುತ್ತದಂತೆ;
ವಿಜ್ಞಾನದ ಪೀರಿಯಡ್ಡಿಗೆ ಮೇಜು ದಾಟುತ್ತಿರಲಿಲ್ಲ.
‘ಒಬ್ಬೊಬ್ಬರೇ ಎದ್ದು ಓದಿ’ ಅನ್ನುತ್ತಿದ್ದೆ.
ಗೈಡಿನಿಂದ ಬೋರ್ಡಿಗೆ, ಬೋರ್ಡಿನಿಂದ ನೋಟ್‌ಬುಕ್ಕಿಗೆ
ಕಪ್ಪೆಯ ಜೀವನಚಕ್ರ ಎಷ್ಟು ಸಲ ಉರುಳಿತೋ.
ಕಾಂಪೌಂಡಿನಾಚೆ, ಆಗ ತಾನೇ ನಾಟಿಯಾದ ಗದ್ದೆಯಲ್ಲಿ
ಕಪ್ಪೆಗಳು ವಟಗುಟ್ಟುತ್ತಿದ್ದವು.
‘ಗಲಾಟೆ, ಕಿಟಕಿ ಹಾಕ್ರೋ’ ಅಂದಿದ್ದೇನೆ.

ಬೀರುವಿನಲ್ಲಿ ಕಿಟ್ಟು ಇತ್ತು, ಕಟ್ಟಿದ ದಾರದ ಸಮೇತ.
‘ಒಡೆದ್ರೆ ದಾಸ್ತಾನು ಪುಸ್ತಕಕ್ಕೆ ಯಾರಮ್ಮ ಉತ್ತರ ಹೇಳೋರು’
ಎನ್ನುತ್ತಿದ್ದರು ಶಿವನಂಜೇಗೌಡ ಮೇಷ್ಟ್ರು.
ಆ ಮಾತಿನಿಂದ ನನಗೆಷ್ಟು ನೆಮ್ಮದಿಯಿತ್ತು ಎಂದು
ಯಾವ ನಮೂನೆಯೂ ಇದುವರೆಗೆ ಕೇಳಿಲ್ಲ.

ಮುದ್ದೇಗೌಡನಕೊಪ್ಪಲು, ಐದನೇ ಕ್ಲಾಸು, ಧನುರ್ಮಾಸ.
ಅವ್ವನ ಜೊತೆ ನಸುಕಿಗೇ ನಾಲೆಯಲ್ಲಿ ಬಟ್ಟೆ ಒಗೆದು ಬಂದ ಇಂಚರ,
ಬೆರಳ ತುದಿ ಇನ್ನೂ ಸುಕ್ಕು:
‘ಮಿಸ್ಸೇ, ಹೊರ್ಗೆ ಹಲ್ಲು ಕಟಕಟ ಅಂತವೆ,
ನೀರೊಳಕ್ಕೆ ಕಾಲಿಟ್ರೆ ಬೆಚ್ಗಿರ್ತದೆ. ಅದ್ಯಾಕೆ?
ರಾತ್ರಿಯೆಲ್ಲ ಅದ್ಕೆ ಯಾರು ಸೌದೆ ಹಾಕೋರು?’

ಯಾರೂ ನಗಲಿಲ್ಲ. ಎಲ್ಲರೂ ಆ ನೀರಿಗೆ ಕಾಲಿಟ್ಟವರೇ.
‘ಅದು ಪಾಠದಲ್ಲಿಲ್ಲ, ಕೂತ್ಕೋ’
ನಾಲಗೆಯ ಮೇಲೆ ಸಿದ್ಧವಾಗಿತ್ತು.
ಯಾಕೋ, ಹೊರಟದ್ದು: ‘ನಂಗೂ ಗೊತ್ತಿಲ್ಲ ಕಣೆ.’

ಹಿಂದಿನ ಸಾಲಿನ ಚಿನ್ಮಯಿ ಪಕ್ಕದವನಿಗೆ ಪಿಸುಗುಟ್ಟಿದ:
‘ಮಿಸ್ಗೂ ಗೊತ್ತಿಲ್ವಂತೆ ಕಣ್ಲಾ’,
ಆಟಕ್ಕೆ ಇನ್ನೊಬ್ಬರು ಸಿಕ್ಕ ದನಿಯಲ್ಲಿ.

ಬಿಸಿಯೂಟದ ಹೊತ್ತಿಗೆ ಬೀಗದ ಕೈ ಕೇಳಿದೆ.
ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು, ಕೊಟ್ಟರು.
‘ಉಷ್ಣತಾಮಾಪಕ’ ಎಂದು ನೂರು ಸಲ ಉಕ್ತಲೇಖನ ಬರೆಸಿದ್ದೆ,
ಕೈಯಲ್ಲಿ ಹಿಡಿದದ್ದು ಅವತ್ತೇ.
ಗಾಜಿನೊಳಗಿನ ಕೆಂಪು ಗೆರೆ
ನನ್ನ ಬೆರಳ ಬಿಸಿಗೇ ಏರತೊಡಗಿತು,
ತಟ್ಟನೆ ಕೆಳಗಿಟ್ಟೆ.

ಹಳೇ ಸಾಕ್ಸಿನಲ್ಲಿ ಸುತ್ತಿ ಇಂಚರಳ ಬ್ಯಾಗಿಗೆ ಹಾಕಿದೆ.
ಆ ರಾತ್ರಿ ನಿದ್ದೆಯಿಲ್ಲ.
ಗಾಜು ನಾಲೆಗೆ ಬಿದ್ದರೆ?
ಮಗು ಜಾರಿದರೆ?
ಎರಡನೆಯದು ಎರಡನೆಯದಾಗಿ ಹೊಳೆದದ್ದಕ್ಕೆ
ಎದ್ದು ನೀರು ಕುಡಿದೆ.

ಬಸ್ಸಿಳಿದರೆ ಗೇಟಿನಲ್ಲೇ ನಿಂತಿದ್ದಳು.
ಎಡ ಅಂಗೈಯಲ್ಲಿ ಬಾಲ್‌ಪೆನ್ನಿನ ನೀಲಿ:
ಗಾಳಿ ೧೬. ನೀರು ೨೩.
‘ಅವ್ವ ಇನ್ನೊಂದ್ಸಲ ನೋಡು ಅಂದ್ಲು. ಆಗ್ಲೂವೆ ಅಷ್ಟೇಯ.’

ಯಾಕೆ ಎಂಬುದು ಆಮೇಲೆ ಬಂತು, ಅರ್ಧಂಬರ್ಧ,
ಹೈಸ್ಕೂಲಿನ ಮೇಷ್ಟ್ರಿಗೆ ಫೋನು ಮಾಡಿ:
ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ,
ಹಗಲಿನ ಬಿಸಿಲನ್ನು ಬಿಟ್ಟುಕೊಡಲು ಅದು ಜುಗ್ಗ.
ಹೇಳಿ ಮುಗಿಸುವುದರೊಳಗೆ ಚಿನ್ಮಯಿ ಎದ್ದಿದ್ದ:
‘ಹಂಗಾರೆ ಆಲೆಮನೆ ಕೊಪ್ಪರಿಗೇಲಿ ಕಬ್ಬಿನಾಲು?’
ಅದೂ ನನಗೆ ಗೊತ್ತಿರಲಿಲ್ಲ.

‘ಖಾಲಿ ಬಿಡಬೇಡಿ ಮೇಡಂ, ಲೆಕ್ಕಕ್ಕೆ ಬರಲ್ಲ.’
ಸಂಪನ್ಮೂಲ ವ್ಯಕ್ತಿ ಬೆನ್ನ ಹಿಂದೆ ನಿಂತಿದ್ದರು.

ಆಗುತ್ತದೆ, ಸಾರ್. ಈಗಲೂ ಆಗುತ್ತದೆ.
ಪೂರ್ಣ ಒಪ್ಪುತ್ತೇನೆ ಎಂಬಲ್ಲಿ ಗೀಟಿದೆ.
ನಸೀಮ ಮೇಡಂ ಕತ್ತು ಚಾಚಿ ನನ್ನದನ್ನು ನೋಡಿ
ಸ್ವಲ್ಪ ಹೊತ್ತು ಬಿಟ್ಟು
ತಾವೂ ಅಲ್ಲೇ ಗೀಟಿದರು.